ಪಾದದ ನೆಂಟರು, ಸಂಸ್ಕೃತ ಮೇಷ್ಟ್ರ ಮದುವೆ

ಕೆಲವರು ಎಲ್ಲಿಗೆ ಹೋದರೂ ಅವರ ಹಿಂದೆ ಒಂದು ತಮಾಷೆ ನಡೆದುಕೊಂಡು ಬರುತ್ತದೆ, ಅವರಿಗೆ ಮಾತ್ರ ಅದು ಗೊತ್ತೇ ಇರುವುದಿಲ್ಲ. ಶಿಕಾರಿಪುರದ ಹೈಸ್ಕೂಲಿನಲ್ಲಿ ನಾನು ಡ್ರಿಲ್ ಮೇಷ್ಟ್ರಾಗಿದ್ದಾಗ ನಮ್ಮ ಸಂಸ್ಕೃತ ಮೇಷ್ಟ್ರು ಅಂಥ ಮನುಷ್ಯ. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಸೇರು ಹೋಗಿ ಕಿಲೋ ಬರುತ್ತದಂತೆ ಎಂದು ಸಂತೆಯಲ್ಲಿ ಹೆಂಗಸರು ಗಾಬರಿಯಾಗಿದ್ದ ಕಾಲ.

ಮೇಷ್ಟ್ರು ಪುಣೆಯಲ್ಲಿ ಎರಡು ವರ್ಷ ಭಾಷಾಶಾಸ್ತ್ರ ಓದಿ ಬಂದಿದ್ದರು. ಅಲ್ಲಿಂದ ಬರುವಾಗ ಒಂದು ಮಾತನ್ನು ತಲೆಯಲ್ಲಿ ಹೊತ್ತುಕೊಂಡು ಬಂದಿದ್ದರು: 'ಪೆದ್'. ಸಾವಿರಾರು ವರ್ಷದ ಹಿಂದೆ ಎಲ್ಲೋ ಒಂದು ಹುಲ್ಲುಗಾವಲಿನಲ್ಲಿ ದನ ಕಾಯುತ್ತಿದ್ದ ಜನ ಕಾಲಿಗೆ ಹಾಗೆ ಅನ್ನುತ್ತಿದ್ದರಂತೆ. ಅದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಕಿವಿಯಾರೆ ಕೇಳಿಲ್ಲ. ಅದರ ಮಕ್ಕಳು ಮರಿಮಕ್ಕಳಾದ ಮಾತುಗಳನ್ನು ಸಾಲಾಗಿ ನಿಲ್ಲಿಸಿ, ತಾಳೆ ನೋಡಿ ಪಂಡಿತರು ಕಂಡುಹಿಡಿದದ್ದು. ನಮ್ಮ ಪಾದ, ಇಂಗ್ಲಿಷರ ಫುಟ್, ಎಲ್ಲ ಅದರ ಸಂತಾನ. ಮೊದಲ ದಿನ ಈ ಮಾತು ಹೇಳಿದಾಗ ಕ್ಲಾಸಿನಲ್ಲಿ ಮಕ್ಕಳು ಯಾಕೆ ನಕ್ಕರು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಮೇಷ್ಟ್ರಿಗೆ ಮಾತ್ರ ಅದು ಕೊನೆಯವರೆಗೂ ತಿಳಿಯಲಿಲ್ಲ.

ಮಾತುಗಳಿಗೆಲ್ಲ ನೆಂಟರನ್ನು ಹುಡುಕಿಕೊಡುವ ಈ ಮನುಷ್ಯನಿಗೆ ತನ್ನವರು ಅಂತ ಒಬ್ಬರೂ ಇರಲಿಲ್ಲ. ಅವರ ಊರು ಸೊರಬದ ಕಡೆಯದು. ಪ್ಲೇಗು, ಚಳಿಜ್ವರ ಒಂದರ ಹಿಂದೊಂದು ಬಂದು ಊರು ಖಾಲಿಯಾಗಿ, ಸರ್ಕಾರಿ ದಾಖಲೆಯಲ್ಲಿ ಅದೀಗ 'ಬೇಚಿರಾಕ್ ಗ್ರಾಮ', ಅಂದರೆ ದೀಪ ಹಚ್ಚುವವರಿಲ್ಲದ ಊರು. ಮೂರು ವರ್ಷದ ಕೂಸನ್ನು ಯಾರೋ ಪುಣ್ಯಾತ್ಮರು ಎತ್ತಿ ತಂದು ಒಂದು ಮಠದಲ್ಲಿ ಬಿಟ್ಟರು. ಮಠದ ಪುಸ್ತಕದಲ್ಲಿ ಕೂಸಿನ ಹೆಸರು, ತಂದೆಯ ಹೆಸರು, ಊರಿನ ಹೆಸರು ಇಷ್ಟೇ ಇದ್ದದ್ದು. ಈಗ ವಯಸ್ಸು ಮೂವತ್ತರ ಹತ್ತಿರ. ಹೆಣ್ಣು ಕೇಳಲು ಹೋದಲ್ಲೆಲ್ಲ ಒಂದೇ ಉತ್ತರ: "ಗಂಡು ಬಂಗಾರದಂಥೋನು. ಆದ್ರೆ ಯಾರ ಪೈಕಿ ಅಂತ ಗೊತ್ತಾಗಬೇಕಲ್ರೀ." ಮೂರು ಮನೆಯಲ್ಲಿ ಹೀಗೆ ಆಯಿತು. ಇವರಿಗೊಂದು ಮದುವೆ ಮಾಡಿಸಿಯೇ ತೀರುತ್ತೇನೆ ಅಂತ ನಾನು ಟೊಂಕ ಕಟ್ಟಿ ನಿಂತೆ. ಅದನ್ನು ಕೆಡಿಸುವ ಕೆಲಸಕ್ಕೆ ಅವರೇ ನಿಂತರು.

ಒಂಟಿ ಕಾಲಿನ ಪಾಠ

ಒಂದು ದಿನ ಎಂಟನೇ ಕ್ಲಾಸಿನ ಹುಡುಗರನ್ನು ಬಿಸಿಲಿನಲ್ಲಿ ನಿಲ್ಲಿಸಿ ಕವಾಯತು ಮಾಡಿಸುತ್ತಿದ್ದೆ. ಬಲಗಾಲು ಎತ್ತಿಸಿದ್ದೆ, ಇಳಿಸು ಅನ್ನಬೇಕು. ಅಷ್ಟರಲ್ಲಿ ಸಂಸ್ಕೃತ ಮೇಷ್ಟ್ರು ಮೈದಾನದ ಆಚೆಯಿಂದ ಪಂಚೆ ಎತ್ತಿ ಹಿಡಿದುಕೊಂಡು ಓಡಿ ಬಂದರು. ಯಾರದೋ ಮನೆಗೆ ಬೆಂಕಿ ಬಿದ್ದಿದೆಯೇನೋ ಅಂದುಕೊಂಡೆ.

"ಮೇಷ್ಟ್ರೆ, ಹಾಗೇ ಇರ್ಲಿ, ಇಳಿಸಬೇಡಿ" ಅಂದರು. ಮಕ್ಕಳ ಕಡೆ ತಿರುಗಿ, "ನೋಡ್ರಪ್ಪಾ, ನೀವೆಲ್ಲ ಈಗ ಎತ್ತಿ ಹಿಡಿದಿದೀರಲ್ಲ, ಅದಕ್ಕೆ ಸಂಸ್ಕೃತದಲ್ಲಿ ಪಾದ. ಇಂಗ್ಲಿಷಿನಲ್ಲಿ ಫುಟ್. ನಮ್ಮ ಪಕಾರ ಅವರಲ್ಲಿ ಹೋಗಿ ಫಕಾರ ಆಯ್ತು. ಪಿತೃ ಹೋಗಿ ಫಾದರ್ ಆದ ಹಾಗೆ. ಇದೊಂದು ನಿಯಮ" ಎಂದು ಶುರು ಮಾಡಿದರು. ಅಲ್ಲಿಂದ ಗ್ರೀಸಿಗೆ ಹೋದರು, ರೋಮಿಗೆ ಹೋದರು. ಹುಡುಗರು ಬಿರುಗಾಳಿಗೆ ಸಿಕ್ಕಿದ ಬಾಳೆಗಿಡದ ಹಾಗೆ ತೂಗಾಡುತ್ತಿದ್ದರು. ನಾನು ಸನ್ನೆ ಮಾಡಿದೆ, ಕೆಮ್ಮಿದೆ. ಅವರು ಪರ್ಷಿಯಾದಲ್ಲಿದ್ದರು.

"ಸಾರ್, ನಾವು ಕಾಲು ಅಂತೀವಲ್ಲ, ಅದು?" ಎಂದು ಮುಂದಿನ ಸಾಲಿನವನೊಬ್ಬ ಕೇಳಿದ.

ಮೇಷ್ಟ್ರ ಮುಖ ಅರಳಿತು. "ಭೇಷ್! ಕಾಲು ಬೇರೆ ಮನೆತನದ್ದು. ಅದು ಅಚ್ಚಗನ್ನಡದ್ದು. ಅದಕ್ಕೂ ಇದಕ್ಕೂ ಬಾದರಾಯಣ ಸಂಬಂಧವೂ ಇಲ್ಲ."

ಹಿಂದಿನ ಸಾಲಿನಿಂದ ಅಳುವ ದನಿಯೊಂದು ಬಂತು: "ಸಾರ್, ಇದು ಯಾರ ಮನೆತನದ್ದಾದ್ರೂ ಆಗ್ಲಿ, ಕೆಳಗಿಡ್ಲಾ?"

ದರ್ಜಿಯ ನ್ಯಾಯ

ಬಸ್‌ಸ್ಟ್ಯಾಂಡಿನ ಹತ್ತಿರ ಒಬ್ಬ ದರ್ಜಿ ಸಾಹೇಬರ ಅಂಗಡಿ. ನನ್ನ ಡ್ರಿಲ್ಲಿನ ಚಡ್ಡಿ ಹರಿದದ್ದಕ್ಕೆ ಹೊಲಿಗೆ ಹಾಕಿಸಲು ಹೋದಾಗ ಮೇಷ್ಟ್ರೂ ಜೊತೆಗಿದ್ದರು. ಸಾಹೇಬರು ಯಾರದೋ ಪೈಜಾಮ ಹೊಲಿಯುತ್ತಿದ್ದರು. ಮೇಷ್ಟ್ರು ಎರಡು ನಿಮಿಷ ಸುಮ್ಮನೆ ಕೂತರು, ಅದೇ ದೊಡ್ಡದು. ಮೂರನೇ ನಿಮಿಷಕ್ಕೆ ಅವರ ಕಣ್ಣು ಸಾಹೇಬರ ಕಾಲಿನಿಂದ ಕೈಗೆ, ಕೈಯಿಂದ ಕಾಲಿಗೆ ಓಡಾಡತೊಡಗಿತು.

"ಸಾಹೇಬ್ರೆ, ನೀವು ಈಗ ಏನು ಮಾಡ್ತಾ ಇದೀರಿ ಗೊತ್ತೇ?"

"ಪೈಜಾಮ ಹೊಲೀತಾ ಇದೀನಿ ಸ್ವಾಮಿ" ಅಂದರು ಸಾಹೇಬರು, ಇದರಲ್ಲಿ ಅನುಮಾನವೇನು ಅನ್ನುವ ಹಾಗೆ.

"ಅಲ್ಲ! ಒಂದು ದೊಡ್ಡ ಕುಟುಂಬವನ್ನ ಒಟ್ಟಿಗೆ ಸೇರಿಸಿದೀರಿ. ಪೈಜಾಮದ 'ಪೈ' ಇದೆಯಲ್ಲ, ಅದು ಪಾರ್ಸಿಯ ಪಾದ. ಜಾಮ ಅಂದ್ರೆ ಉಡುಪು. ಪಾದಕ್ಕೆ ತೊಡಿಸೋ ಜಾಮ ಪೈಜಾಮ. ನಿಮ್ಮ ಕಾಲ ಕೆಳಗಿರೋ ಪೆಡಲು ರೋಮಿನವರ ಪಾದ. ಈ ಪೆಡಲನ್ನ ತುಳೀತಾ ಇರೋದು ನಮ್ಮ ಪಾದ. ಮೂವರೂ ಒಂದೇ ತಾಯಿಯ ಮಕ್ಕಳು, ಬೇರೆ ಬೇರೆ ದೇಶಕ್ಕೆ ಹೋಗಿ, ಸಾವಿರಾರು ವರ್ಷ ಆದ್ಮೇಲೆ ನಿಮ್ಮ ಅಂಗಡೀಲಿ ಸೇರಿದಾರೆ!"

ಸಾಹೇಬರು ಮಿಷನ್ನು ನಿಲ್ಲಿಸಿದರು. ಪೆಡಲು ನೋಡಿದರು, ಪೈಜಾಮ ನೋಡಿದರು. ಅವರ ಮುಖದಲ್ಲಿ ನಿಜವಾಗಿಯೂ ಒಂದು ಸಂತೋಷ ಮೂಡಿತು. ಅದನ್ನು ನೋಡಿ ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

"ಅಂದ್ರೆ ಸಂಸ್ಕೃತ, ಪಾರ್ಸಿ, ಇಂಗ್ಲಿಷು, ಎಲ್ಲ ಬೀಗರು ಅನ್ನಿ."

"ಬೀಗರಲ್ಲ ಸಾಹೇಬ್ರೆ. ದಾಯಾದಿಗಳು. ಒಂದೇ ರಕ್ತ."

ಸಾಹೇಬರು ಮತ್ತೆ ಪೆಡಲಿನ ಮೇಲೆ ಕಾಲಿಟ್ಟು ನಿಟ್ಟುಸಿರು ಬಿಟ್ಟರು. "ಈಗ ತಿಳೀತು ಬಿಡಿ, ಯಾಕಿಷ್ಟು ಜಗಳ ಅಂತ."

ದೇವರ ಗೂಡಿನಲ್ಲಿ ಪಾವು

ನಾನೂ ಮೇಷ್ಟ್ರೂ ಊಟ ಮಾಡುತ್ತಿದ್ದದ್ದು ಒಬ್ಬ ವಯಸ್ಸಾದ ಮನೆಯೊಡತಿಯ ಕೈಯಲ್ಲಿ. ಗಂಡ ಇಲ್ಲ, ಮಕ್ಕಳಿಲ್ಲ. ನಮಗೆ ಬಡಿಸುವಾಗ ಬೈಯುವುದೇ ಆಕೆಯ ಪ್ರೀತಿ. "ಮಾತಿಗೆಲ್ಲ ಅಜ್ಜ ಮುತ್ತಜ್ಜನ್ನ ಹುಡುಕ್ತೀಯಲ್ಲೋ, ನಿಂಗೊಂದು ಹೆಣ್ಣು ಹುಡುಕ್ಕಳಾಕೆ ಆಗವಲ್ದಾ?" ಎಂದು ದಿನಕ್ಕೊಮ್ಮೆಯಾದರೂ ಮೇಷ್ಟ್ರಿಗೆ ಕೇಳುತ್ತಿದ್ದಳು. ಮೇಷ್ಟ್ರು ತಲೆ ಬಗ್ಗಿಸಿ ಸಾರು ಕಲಸುತ್ತಿದ್ದರು.

ಒಂದು ಬೆಳಿಗ್ಗೆ ಆಕೆ ಪಾವಿನಲ್ಲಿ ಅಕ್ಕಿ ಅಳೆಯುತ್ತಿದ್ದಾಗ ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ಅಮ್ಮಾ, ಪಾವು ಅಂದ್ರೂ ಪಾದವೇ. ದನಕ್ಕೆ ನಾಲ್ಕು ಪಾದ. ಹಾಗಾಗಿ ನಾಲ್ಕರಲ್ಲಿ ಒಂದು ಭಾಗಕ್ಕೆ ಪಾದ ಅಂದ್ರು. ಸೇರಿನಲ್ಲಿ ನಾಲ್ಕನೇ ಒಂದು ಭಾಗ, ಅದೇ ಸವೆದು ಸವೆದು ಪಾವು ಆಯ್ತು."

ಆಕೆ ಅಳೆಯುವುದನ್ನು ನಿಲ್ಲಿಸಿ ಪಾವನ್ನೇ ನೋಡಿದಳು.

ಸಾಯಂಕಾಲ ಬಂದು ನೋಡುತ್ತೇವೆ: ಪಾವು ದೇವರ ಗೂಡಿನಲ್ಲಿದೆ. ವಿಭೂತಿ ಬಳಿದಿದೆ, ಮೇಲೊಂದು ದಾಸವಾಳ. "ನಲವತ್ತು ವರ್ಸದಿಂದ ಉಣ್ಣೋ ಅಕ್ಕಿಗೆ ಪಾದ ಅದ್ದೀನಿ. ತಪ್ಪಾತು ಅಂತ ಕೈ ಮುಗ್ದೀನಿ" ಅಂದಳು. ಅಡುಗೆ ಮಾತ್ರ ಕೈಯಂದಾಜಿನಲ್ಲಿ ನಡೆದಿತ್ತು. ಆಕೆಯ ಕೈ ಧಾರಾಳದ್ದು. ಅನ್ನ ಉಕ್ಕಿ ಒಲೆಯ ಮೇಲೆ, ಒಲೆಯಿಂದ ನೆಲದ ಮೇಲೆ. ನಾಲ್ಕು ದಿನ ನಾವೂ ಉಂಡೆವು, ಅಕ್ಕಪಕ್ಕದವರೂ ಉಂಡರು, ಬೀದಿಯ ದನಗಳೂ ಉಂಡವು.

ಮೇಷ್ಟ್ರಿಗೆ ಅಪರಾಧ ಮಾಡಿದಂತಾಯಿತು. "ಅಮ್ಮಾ, ಅದು ಬರೀ ಮಾತಿನ ಸಂಬಂಧ. ಅಷ್ಟು ಹಚ್ಚಿಕೊಳ್ಳಬೇಡಿ" ಅಂದರು.

"ಸಂಬಂಧ ಅಂದ್ಮ್ಯಾಲೆ ಬರೀ ಮಾತಿಂದು ಅಂತ ಇರ್ತೈತೇನೋ?" ಅಂದಳು ಆಕೆ. ಮೇಷ್ಟ್ರು ಆವತ್ತು ಊಟ ಅರ್ಧಕ್ಕೇ ಬಿಟ್ಟು ಎದ್ದರು.

ಕೊನೆಗೆ ನಾನೇ ಪೇಟೆಗೆ ಹೋಗಿ ಒಂದು ಹಿತ್ತಾಳೆ ಲೋಟ ತಂದು, ಇದರಲ್ಲಿ ಅಳೆಯಿರಿ ಅಂತ ಆಕೆಯ ಮುಂದಿಟ್ಟೆ. ಮೇಷ್ಟ್ರು ಲೋಟವನ್ನು ಕೈಗೆತ್ತಿಕೊಂಡು ಬಾಯಿ ತೆರೆದರು. ಆಕೆ ಥಟ್ಟನೆ ಕಸಿದುಕೊಂಡಳು: "ಇದರ ಅಜ್ಜ ಯಾರು ಅಂತ ಹೇಳಿದ್ರೆ ನೋಡು ಮತ್ತೆ! ನಾನು ಅನ್ನ ಮಾಡಬೇಕು!"

ಹೆಣ್ಣು ಕೇಳಲು ಹೋದದ್ದು

ನಾಲ್ಕನೆಯ ಹೆಣ್ಣು ಕುಪ್ಪಗಡ್ಡೆಯ ಕಡೆಯದು. ಜಮೀನುದಾರರ ಮನೆ. ಹುಡುಗಿ ಸೊರಬದಲ್ಲಿ ಮಿಡ್ಲ್ ಸ್ಕೂಲು ಮುಗಿಸಿದವಳು. ತಂದೆ ಇಲ್ಲ, ಅಜ್ಜನೇ ಯಜಮಾನ. ಶಿರಾಳಕೊಪ್ಪದಲ್ಲಿ ಬಸ್ಸು ಬದಲಾಯಿಸಿ, ಸೊರಬದಲ್ಲಿ ಇಳಿದು, ಅಲ್ಲಿಂದ ಗಾಡಿ ಹತ್ತಿ ಹೋದೆವು. ಗಂಡಿನ ಕಡೆಯ ಹಿರಿಯ ಅಂತ ಹೋದವನು ನಾನು. ಮೇಷ್ಟ್ರಿಗಿಂತ ನಾಲ್ಕೇ ವರ್ಷ ದೊಡ್ಡವನು, ಆದರೆ ಮೀಸೆ ಇತ್ತು.

ದಾರಿಯುದ್ದಕ್ಕೂ ಪಾಠ ಹೇಳಿಕೊಟ್ಟೆ. ಅವರು ಬೆಡಗು ಕೇಳಿಯೇ ಕೇಳುತ್ತಾರೆ. ಬೆಡಗು ಅಂದರೆ ವಂಶದ ಗುರುತು; ಒಂದೇ ಬೆಡಗಿನವರು ಅಣ್ಣ ತಂಗಿ ಸಮಾನ, ಮದುವೆ ಕೂಡದು. ಇವರಿಗೋ ತಮ್ಮ ಬೆಡಗೇ ಗೊತ್ತಿಲ್ಲ. "ವಿಚಾರಿಸ್ತಾ ಇದೀವಿ ಅನ್ನಿ. ಅಷ್ಟಂದು ಬಾಯಿ ಮುಚ್ಚಿ. ದಯವಿಟ್ಟು ಪೆದ್ ಬೇಡ" ಅಂತ ಕೈ ಮುಗಿದೆ. ಆಗಲಿ ಅಂದರು.

ಜಗಲಿಯಲ್ಲಿ ಕೂತು ಅರ್ಧ ಗಂಟೆಯಾಗುವುದರೊಳಗೆ ಪಾದ, ಪೆಡಲು, ಪೈಜಾಮ ಮೂರೂ ಬಂದು ಹೋದವು. ಅಜ್ಜ ಎಲೆ ಅಡಿಕೆ ಹಾಕಿಕೊಂಡು ಸಮಾಧಾನವಾಗಿ ಕೇಳುತ್ತಿದ್ದರು. ಅಜ್ಜಿ ಬಾಗಿಲಿಗೊರಗಿ ಗಂಡನ್ನು ಅಳೆಯುತ್ತಿದ್ದರು. ಹುಡುಗಿ ಕಾಫಿ ತಂದಿಟ್ಟು ಕಂಬದ ಪಕ್ಕ ನಿಂತಳು.

"ಏನಾರ ಕೇಳದಿದ್ರೆ ಕೇಳ್ರಿ" ಅಂದರು ಅಜ್ಜ.

ಹಾಡಲು ಬರುತ್ತದೆಯೇ, ಅಡುಗೆ ಬರುತ್ತದೆಯೇ ಅಂತ ಕೇಳುವುದು ಲೋಕದ ರೂಢಿ. ನಮ್ಮವರು ಕೇಳಿದರು: "ಕೆಸರಲ್ಲಿ ನಡೆದಾಗ ಕಾಲಿನ ಗುರುತು ಬೀಳುತ್ತಲ್ಲ, ಅದಕ್ಕೆ ನಿಮ್ಮ ಕಡೆ ಏನಂತೀರಿ?"

"ಹೆಜ್ಜೆ ಮೂಡಿದೆ ಅಂತೀವಿ" ಅಂದಳು ಹುಡುಗಿ. ಆಮೇಲೆ ಸ್ವಲ್ಪ ತಡೆದು, "ನಾನೊಂದು ಕೇಳ್ಲಾ? ಒಂದೇ ತಾಯಿ ಮಾತುಗಳು ದೂರ ದೂರ ಹೋದ್ವು ಅಂದ್ರಲ್ಲ. ಎಲ್ಲಾದ್ರೂ ಎದುರಾದ್ರೆ ಅವಕ್ಕೆ ಗುರುತು ಸಿಗ್ತದಾ?" ಅಂದಳು.

ಮೇಷ್ಟ್ರು ಕಾಫಿಯ ಲೋಟ ಹಿಡಿದುಕೊಂಡೇ ಕಲ್ಲಾದರು. ಪುಣೆಯಲ್ಲಿ ಯಾರೂ ಅವರಿಗೆ ಈ ಪ್ರಶ್ನೆ ಕೇಳಿರಲಿಲ್ಲವಂತೆ. ಆ ಕ್ಷಣದಲ್ಲೇ ಅವರು ಆ ಹುಡುಗಿಗೆ ಮನಸ್ಸು ಕೊಟ್ಟರು, ನಾನು ಕಣ್ಣಾರೆ ಕಂಡೆ. ಕೊಟ್ಟದ್ದು ಸರಿ, ಸುಮ್ಮನಿರಬಾರದಿತ್ತೇ? ಉತ್ಸಾಹ ಬಂದು ಅಜ್ಜನ ಕಡೆ ತಿರುಗಿ, "ನೋಡಿ, ಮಾತೇ ಅಲ್ಲ, ಮನುಷ್ಯರದ್ದೂ ಹಾಗೇ! ಹಿಂದಕ್ಕೆ ಹೋಗ್ತಾ ಹೋಗ್ತಾ ನೀವು, ನಾವು, ಎಲ್ಲರೂ ಒಂದೇ ಮನೆಯವರು. ಎಲ್ಲರ ಮೂಲವೂ ಒಂದೇ!" ಅಂದುಬಿಟ್ಟರು.

ಅಜ್ಜ ಎಲೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಹಂಗಾರೆ ಒಂದೇ ಬೆಡಗು ಅಂತ ನಿಮ್ಮ ಬಾಯಾಗೇ ಬಂತು. ಮುಗೀತಲ್ಲ ಮಾರಾಯ್ರೆ. ಅಣ್ಣಂಗೆ ತಂಗೀನ ಹೆಂಗೆ ಕೊಡದು?"

ನಾನು ಎದ್ದು ನಿಂತು, ಅದು ಹಾಗಲ್ಲ, ಇದು ಭಾಷಾಶಾಸ್ತ್ರ, ಸಾವಿರಾರು ವರ್ಷದ ಹಿಂದಿನ ಮಾತು ಅಂತ ಬಡಬಡಿಸಿದೆ. "ಎಷ್ಟು ಹಳೇದಾದ್ರೂ ಬೆಡಗು ಬೆಡಗೇ" ಅಂದರು ಅಜ್ಜ. ನಾವು ಚೀಲ ಎತ್ತಿಕೊಂಡೆವು. ಅಷ್ಟರಲ್ಲಿ ಅಜ್ಜಿ ಮೆಟ್ಟಿಲಿಗೆ ಅಡ್ಡ ಬಂದು ನಿಂತರು.

"ಮದುವೆ ಆಗದಿದ್ರೆ ಹೋಯ್ತು. ಮನೆ ಮಗ ಅಂತ ಆತಲ್ಲ, ಉಣ್ಣದೆ ಹೋಗಂಗಿಲ್ಲ." ಗಂಡಾಗಿ ಹೋದವರು ಅಣ್ಣನಾಗಿ ಆರು ಹೋಳಿಗೆ ಉಂಡು ಬಂದರು.

ಹೆಳವನ ಪುಸ್ತಕ

ಉಂಡು ಹೊರಡುವಾಗ ಅಜ್ಜನ ಮನಸ್ಸು ಸ್ವಲ್ಪ ಕರಗಿತ್ತು. "ಸುಗ್ಗಿಗೆ ನಮ್ಮ ಹೆಳವ ಬರ್ತಾನೆ. ಅವನ ಪುಸ್ತಕದಾಗೆ ನಿಮ್ಮ ಊರು ಇದ್ರೆ ಬೆಡಗು ತಿಳೀತದೆ. ಬ್ಯಾರೆ ಆದ್ರೆ ನೋಡಾಣ" ಅಂದರು. ಹೆಳವರು ಅಂದರೆ ಊರೂರು ತಿರುಗಿ, ರೈತರ ಮನೆತನಗಳ ವಂಶಾವಳಿ ಹೇಳಿ, ಕಾಳು ಪಡೆಯುವವರು. ಎತ್ತಿನ ಮೇಲೆ, ಕಾಲಿಲ್ಲದವರ ಹಾಗೆ ಕಾಲಿಗೆ ಕಂಬಳಿ ಸುತ್ತಿಕೊಂಡು ಬರುತ್ತಾರೆ.

ಸುಗ್ಗಿಯವರೆಗಿನ ಆ ಎರಡು ತಿಂಗಳು ನನ್ನ ಶತ್ರುವಿಗೂ ಬೇಡ. ಮೇಷ್ಟ್ರು ಯಾರಿಗೂ ಪೆದ್ ಹೇಳಲಿಲ್ಲ. ಹುಡುಗರೇ ಬಂದು, "ಸಾರ್‌ಗೆ ಹುಷಾರಿಲ್ಲವಾ?" ಅಂತ ನನ್ನನ್ನು ಕೇಳಿದರು. ಒಂದು ಸಂಜೆ ಕೆರೆ ಏರಿಯ ಮೇಲೆ ಕೂತು ಅವರೇ ಬಾಯಿಬಿಟ್ಟರು: "ಆಕೆ ಸಿಗದಿದ್ರೆ ನಾನು ಇನ್ನು ಯಾರನ್ನೂ ಕೇಳೋದಿಲ್ಲ ಮೇಷ್ಟ್ರೆ." ಬೈಯಬೇಕು ಅಂದುಕೊಂಡವನು ಅವರ ಹೆಗಲ ಮೇಲೆ ಕೈ ಹಾಕಿದೆ.

ಅಂತೂ ಕಾಗದ ಬಂತು, ಹೋದೆವು. ಹೆಳವ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದ. ಮುಂದೆ ದಿಂಬಿನಷ್ಟು ದಪ್ಪದ ಹಳೆಯ ಪುಸ್ತಕ. ಊರಿನ ನಾಲ್ಕು ಜನ ಹಿರಿಯರೂ ಸೇರಿದ್ದರು. ಮೇಷ್ಟ್ರ ಊರಿನ ಹೆಸರು ಹೇಳುತ್ತಲೇ ಆತ ಕಣ್ಣು ಮುಚ್ಚಿ, "ದೀಪ ಆರಿದ ಊರು. ಹದಿನೆಂಟು ಮನೆ. ಹದಿನೆಂಟೂ ಒಂದೇ ಬೆಡಗು" ಅಂದು ಬೆಡಗಿನ ಹೆಸರು ಹೇಳಿದ. ಬೇರೆ ಬೆಡಗು! ನಾನು ಡ್ರಿಲ್ ಮೇಷ್ಟ್ರು ಅನ್ನುವುದನ್ನೂ ಮರೆತು ಕುಣಿಯುವುದೊಂದು ಬಾಕಿ.

ಆದರೆ ಅಷ್ಟಕ್ಕೆ ಮುಗಿಯುವ ಹಾಗಿರಲಿಲ್ಲ. ವೀಳ್ಯ ಕೊಟ್ಟು ಸಂಬಂಧ ಗಟ್ಟಿ ಮಾಡುವಾಗ ಗಂಡಿನ ಮೂರು ತಲೆಮಾರಿನ ಹೆಸರನ್ನು ಹಿರಿಯರ ಎದುರು ಕೂಗಿ ಹೇಳುವುದು ಆ ಮನೆಯ ಪದ್ಧತಿ. ಇಂಥವನ ಮರಿಮಗ, ಇಂಥವನ ಮೊಮ್ಮಗ, ಇಂಥವನ ಮಗ. ಹೆಳವ ಪುಟ ತೆಗೆದ. ಮುತ್ತಜ್ಜನ ಹೆಸರಿತ್ತು. ತಂದೆಯ ಹೆಸರೂ ಇತ್ತು. ನಡುವೆ ಅಜ್ಜನ ಹೆಸರಿರಬೇಕಾದ ಜಾಗದಲ್ಲಿ ಗೆದ್ದಲು ತಿಂದ ತೂತು. ಆ ತೂತಿನೊಳಗಿಂದ ಕೆಳಗಿನ ಪುಟದ ಇನ್ಯಾರದೋ ಅಜ್ಜ ಇಣುಕುತ್ತಿದ್ದ.

ಮೇಷ್ಟ್ರು ಆ ತೂತಿನ ಮೇಲೆ ಬೆರಳಿಟ್ಟು ಕೂತರು. ನಾನು ಅವರ ಕಿವಿಯಲ್ಲಿ, "ಯಾವುದಾದ್ರೂ ಒಂದು ಹೆಸರು ಹೇಳಿ. ತಾಲ್ಲೂಕಿನ ಅಜ್ಜಂದಿರಲ್ಲಿ ಅರ್ಧ ಜನ ಬಸಪ್ಪ. ಯಾರು ಕೇಳ್ತಾರೆ?" ಅಂದೆ. "ಇಲ್ಲದ್ದನ್ನ ಇದೆ ಅಂತ ಹೇಳೋದಿಲ್ಲ" ಅಂದರು. ಅಜ್ಜ ತಲೆಯಾಡಿಸಿ, "ನಡುವಿನ ಮೆಟ್ಟಿಲೇ ಇಲ್ವಲ್ರೀ. ಹೆಂಗೆ ಹತ್ತದು?" ಅಂದರು. ಎಲ್ಲ ಕೈತಪ್ಪಿತು ಅಂದುಕೊಂಡೆ.

ಆಗ ಬಾಗಿಲ ಹಿಂದಿನಿಂದ ಹುಡುಗಿಯ ದನಿ ಬಂತು: "ಅಜ್ಜಾ, ಮೊದಲ್ನೇ ಮೊಮ್ಮಗನಿಗೆ ಅಜ್ಜನ ಹೆಸರೇ ಅಲ್ವಾ ಇಡೋದು? ಅವರಿಗೆ ಈಗ ಇರೋ ಹೆಸರು ಯಾರದ್ದು ಮತ್ತೆ?"

ಮೇಷ್ಟ್ರು ನನ್ನ ಕಡೆ ತಿರುಗಿ ನೋಡಿದ ನೋಟ ನಾನು ಸಾಯುವವರೆಗೂ ಮರೆಯುವುದಿಲ್ಲ. ಸಾವಿರಾರು ವರ್ಷ ಹಿಂದಕ್ಕೆ ಹೋಗಿ ಮಾತಿನ ಮುತ್ತಜ್ಜನನ್ನು ಹುಡುಕಿದ ಮನುಷ್ಯ, ಸ್ವಂತ ಅಜ್ಜನ ಹೆಸರನ್ನು ಹುಟ್ಟಿದಾಗಿನಿಂದ ಹೊತ್ತು ತಿರುಗುತ್ತಿದ್ದರು, ಹಾಜರಿ ಪುಸ್ತಕದಲ್ಲಿ ದಿನಾ ಬರೆಯುತ್ತಿದ್ದರು! ಒಂದು ಹಾಳೆ ತೆಗೆದು ಮುತ್ತಜ್ಜನ ಹೆಸರು ಬರೆದರು, ಅದರ ಕೆಳಗೆ ತಮ್ಮದೇ ಹೆಸರು, ಅದರ ಕೆಳಗೆ ತಂದೆಯದು. ನಡುವಿನ ಹೆಸರಿನ ತಲೆಯ ಹತ್ತಿರ ಒಂದು ಚುಕ್ಕಿ ಹಾಕಿದರು, ಐದು ಮೂಲೆಯದು. ಬರೆದಾದ ಮೇಲೆ ಕಣ್ಣು ಒರೆಸಿಕೊಂಡರು.

"ಈ ಚುಕ್ಕಿ ಎಂತದು?" ಅಂದರು ಅಜ್ಜ.

ಅಷ್ಟಕ್ಕೇ ಸುಮ್ಮನಿರಿ ಅಂತ ನಾನು ಅವರ ಕಾಲು ತುಳಿದೆ. ಪ್ರಯೋಜನವಾಗಲಿಲ್ಲ. "ಎಲ್ಲೂ ಬರೆದದ್ದು ಸಿಕ್ಕಿಲ್ಲ, ಆದ್ರೆ ಇದ್ದಿರಲೇಬೇಕು ಅಂತ ತಾಳೆ ನೋಡಿ ಕಂಡುಕೊಂಡದ್ದಕ್ಕೆ ನಮ್ಮ ಶಾಸ್ತ್ರದಲ್ಲಿ ಚುಕ್ಕಿ ಹಾಕ್ತಾರೆ" ಅಂದರು ಪ್ರಾಮಾಣಿಕರು.

ಅಜ್ಜನ ಹುಬ್ಬು ಮೇಲಕ್ಕೆ ಹೋಯಿತು. "ಅಂದ್ರೆ ಇದು ಗ್ಯಾರಂಟಿ ಅಲ್ಲ." ಹೆಳವನ ಕಡೆ ತಿರುಗಿ, "ಏನಪ್ಪಾ, ಹಿಂಗೆ ಅಂದಾಜಿನ ಮ್ಯಾಲೆ ಅಜ್ಜನ್ನ ಬರೆಯಾದು ಎಲ್ಲಾರ ಉಂಟಾ?" ಎಂದು ಕೇಳಿದರು.

ಹೆಳವ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಒಬ್ಬ ಕಸಬುದಾರ ಇನ್ನೊಬ್ಬ ಕಸಬುದಾರನನ್ನು ನೋಡುವ ಹಾಗೆ ಮೇಷ್ಟ್ರನ್ನು ನೋಡಿದ. "ನಮ್ಮ ಪುಸ್ತಕದಾಗೂ ಇಂಥವು ಅದಾವ್ರಿ ಗೌಡ್ರೆ. ನಾವು ಚುಕ್ಕಿ ಹಾಕಂಗಿಲ್ಲ, ಅಷ್ಟೇರಿ."

"ಯಾರ ವಂಶದಾಗೆ?"

"ಎಲ್ಲಾರ ವಂಶದಾಗೂ ಅದಾವ್ರಿ."

ಅಜ್ಜನ ದನಿ ಸಣ್ಣದಾಯಿತು. "ನಮ್ಮದ್ರಾಗೆ?"

ಹೆಳವ ಆಕಾಶ ನೋಡಿದ, ಅಂಗಳ ನೋಡಿದ. "ಎತ್ತಿಗೆ ನೀರು ಕುಡ್ಸಿ ಬರ್ತೀನ್ರಿ" ಅಂದವನೇ ಕಂಬಳಿ ಕೊಡವಿ ಎದ್ದು ಬಾವಿಯ ಕಡೆ ನಡೆದ. ನನ್ನ ಅಷ್ಟು ವರ್ಷದ ಸರ್ವೀಸಿನಲ್ಲಿ ಅಂಥ ಚುರುಕಾದ ಕ್ವಿಕ್ ಮಾರ್ಚನ್ನು ಯಾವ ಹುಡುಗನೂ ಮಾಡಿ ತೋರಿಸಿರಲಿಲ್ಲ.

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಅಜ್ಜಿ ಒಳಗಿನಿಂದ ವೀಳ್ಯದ ತಟ್ಟೆ ತಂದು ಅಜ್ಜನ ಕೈಯಲ್ಲಿ ತುರುಕಿದರು.

"ಆತ ವಾಪಸ್ ಬರೋದ್ರೊಳಗೆ ಕೂಗಿ ಕೊಟ್ಟುಬಿಡ್ರಿ! ಗಂಡಿನ ಕಡೆಯೋರು ನಮ್ಮ ಪುಟ ತೆಗೆಸಿ ಅಂದ್ರೆ ಏನ್ ಮಾಡ್ತೀರಿ?"

ಅಜ್ಜ ಮೂರು ಹೆಸರನ್ನೂ ಒಂದೇ ಉಸಿರಿಗೆ ಕೂಗಿದರು. ಹೆಳವ ಎತ್ತಿಗೆ ನೀರು ಕುಡಿಸಿ ಬರುವ ಹೊತ್ತಿಗೆ ಜಗಲಿಯ ಮೇಲಿದ್ದ ಎಲ್ಲರ ಬಾಯಿಯೂ ಕೆಂಪಾಗಿತ್ತು.